ಡಾಲ್‌ಹೌಸಿಗಿಂತ ಮೊದಲೇ ತಿರಸ್ಕೃತವಾದ ದತ್ತಕ

ಪ್ರಶ್ನೆ: ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯನ್ನು ತಂದವನು 1848ರಲ್ಲಿ ಗವರ್ನರ್ ಜನರಲ್ ಆದ ಡಾಲ್‌ಹೌಸಿ ಎಂದು ಮಗಳ ಪಠ್ಯಪುಸ್ತಕದಲ್ಲಿದೆ. ಕಿತ್ತೂರಿನ ಯುದ್ಧವಾದದ್ದು 1824ರಲ್ಲಿ. ಹಾಗಾದರೆ ಅಲ್ಲಿ ಯಾವ ಕಾನೂನಿನ ಪ್ರಕಾರ ದತ್ತಕವನ್ನು ಒಪ್ಪಲಿಲ್ಲ?
— ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಡಾಲ್‌ಹೌಸಿಯ ನೀತಿ ಆಗ ಇರಲಿಲ್ಲ, ಅದರ ಹಿಂದಿನ ವಾದ ಮಾತ್ರ ಇತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಅವನ ಅಧಿಕಾರವೆಲ್ಲ ತನಗೇ ಬಂದಿದೆ, ಕಿತ್ತೂರನ್ನು ಆಳುವ ದೇಸಾಯಿ ತನ್ನ ಅಧೀನದವನು, ಆದ್ದರಿಂದ ತನ್ನ ಒಪ್ಪಿಗೆಯಿಲ್ಲದೆ ಗಾದಿಗೆ ವಾರಸುದಾರನನ್ನು ತರುವಂತಿಲ್ಲ ಎಂಬುದು ಕಂಪನಿಯ ನಿಲುವಾಗಿತ್ತು. ಆದರೆ ಕಿತ್ತೂರಿನವರಿಗೆ ದತ್ತಕವೆಂಬುದು ಮನೆತನದ ಧರ್ಮದ ವಿಷಯ; ಸರಕಾರಕ್ಕೆ ತಿಳಿಸಬೇಕಾದದ್ದೇ ಹೊರತು ಬೇಡಿ ಪಡೆಯಬೇಕಾದದ್ದಲ್ಲ.

ಮಕ್ಕಳಿಲ್ಲದ ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ಮಾಸ್ತಮರಡಿಯ ಶಿವಲಿಂಗಪ್ಪನನ್ನು ದತ್ತು ಪಡೆದ ಪತ್ರ ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಥ್ಯಾಕರೆಯ ಕೈ ಸೇರಿತು. ಅದರ ಮೇಲಿನ ಸಹಿಯೇ ದೇಸಾಯಿಯದಲ್ಲ ಎಂದು ಅವನು ಶಂಕಿಸಿದ. ಸಾವಿನ ದಡದಲ್ಲಿರುವವನ ಕೈ ನಡುಗದೆ ಇದ್ದೀತೇ ಎಂದು ಕೇಳುವ ತಾಳ್ಮೆಯನ್ನು ಅವನು ತೋರಲಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ತೀರ್ಮಾನ ಬರುವ ಮೊದಲೇ ಅರಮನೆಯ ಖಜಾನೆಗೆ ಬೀಗಮುದ್ರೆ ಬಿದ್ದು, ಕಾವಲು ಕೂತಿತು.

ರಾಣಿ ಚೆನ್ನಮ್ಮ ಕತ್ತಿ ಹಿರಿಯುವ ಮೊದಲು ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಅಹವಾಲು ಬರೆದಿದ್ದಳೆಂಬುದನ್ನು ನಾವು ಲಾವಣಿಯ ಆವೇಶದಲ್ಲಿ ಮರೆಯಬಾರದು. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಬಾಗಿಲಲ್ಲೇ ಸತ್ತ. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಯಾದರು. ರಾಣಿ ಅವರಿಬ್ಬರನ್ನು ಕೂದಲೂ ಕೊಂಕದಂತೆ ಇಟ್ಟುಕೊಂಡು, ಸಂಧಾನದ ಮಾತು ನಡೆದಾಗ ಬಿಟ್ಟುಕೊಟ್ಟಳು. (ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ ವಾಲ್ಟರ್ ಎಲಿಯಟ್ ಇವನೇ.) ಆದರೂ ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆ ಬಿತ್ತು. ನಿಮ್ಮೂರ ಕೋಟೆಯಲ್ಲಿ ಸೆರೆಯಿದ್ದ ರಾಣಿ 1829ರಲ್ಲಿ ಅಲ್ಲೇ ಕಣ್ಣು ಮುಚ್ಚಿದಳು.

ದತ್ತಕಕ್ಕೆ ಒಪ್ಪಿಗೆ ಕೊಡುವುದು ತೀರ ಅಪರೂಪವಾಗಿರಬೇಕೆಂದು ಕಂಪನಿಯ ನಿರ್ದೇಶಕರು ಬರೆದದ್ದು 1834ರಲ್ಲಿ. ಡಾಲ್‌ಹೌಸಿ ಅದನ್ನು 1848ರಲ್ಲಿ ಸಾತಾರಾ ಸಂಸ್ಥಾನದ ಮೇಲೆ ಪ್ರಯೋಗಿಸಿದ. ನರಗುಂದದ ಅರಸ ಬಾಬಾಸಾಹೇಬನಿಗೂ ದತ್ತಕದ ಅನುಮತಿ ಸಿಗಲಿಲ್ಲ. ಬಂಡೆದ್ದ ಅವನನ್ನು 1858ರ ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.