ಚಳಿ ಅಂತ ಕೋಳಿಗೂಡಿಗೆ ಟಾರ್ಪಾಲ್ ಬಿಗಿದಿದ್ದೀರಾ?

ಪ್ರಶ್ನೆ: ಸಾರ್, ನಮ್ಮದು ತಾಳವಾಡಿ ಹತ್ತಿರದ ಹಳ್ಳಿ. ಮನೆ ಹಿಂದೆ 14 ಕೋಳಿ ಇವೆ, 11 ಹೇಂಟೆ, 3 ಹುಂಜ. ಅರ್ಧ ನಾಟಿ, ಅರ್ಧ ಗಿರಿರಾಜ. ಗೂಡು 4 ಅಡಿ ಉದ್ದ, 3 ಅಡಿ ಅಗಲ, ಆಳೆತ್ತರ ಇಲ್ಲ, ಎದೆಮಟ್ಟ. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಮಂಜು ಬಿಡುವುದೇ ಒಂಬತ್ತು ಗಂಟೆಗೆ, ಅಂಗಳದಲ್ಲಿ ರಾಗಿ ಒಕ್ಕಣೆ ಬೇರೆ, ಹಾಗಾಗಿ ಮಧ್ಯಾಹ್ನದವರೆಗೂ ಬಿಡುವುದಿಲ್ಲ. ಚಳಿ ಅಂತ ಸುತ್ತಲೂ ಟಾರ್ಪಾಲ್ ಬಿಗಿದಿದ್ದೇವೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ವಾಸನೆ, ಮೇಲಿನ ತಗಡಿನಿಂದ ನೀರು ತೊಟ್ಟಿಕ್ಕುತ್ತದೆ. ಎರಡು ಹೇಂಟೆಗಳ ಬೆನ್ನಿನ ಪುಕ್ಕ ಹೋಗಿದೆ, ಒಂದರ ಕಣ್ಣಲ್ಲಿ ನೊರೆ. ಗೂಡು ಸಾಲದು ಅಂತ ನನಗೆ ಅನುಮಾನ. ಒತ್ತಾಗಿದ್ದರೇ ಬೆಚ್ಚಗಿರುತ್ತವೆ ಅಂತ ನಮ್ಮತ್ತೆ. ಒಂದು ಕೋಳಿಗೆ ಎಷ್ಟು ಜಾಗ ಬೇಕು?

ಉತ್ತರ: ಅಕ್ಕ, ಮೊದಲು ಟಾರ್ಪಾಲ್ ಬಿಚ್ಚಿ. ಉಳಿದದ್ದು ಆಮೇಲೆ ಓದಿ.

ನಿಮ್ಮ ಗೂಡು 12 ಚದರಡಿ, ಕೋಳಿ 14. ಅಂದರೆ ತಲೆಗೆ ಒಂದು ಚದರಡಿಯೂ ಇಲ್ಲ. ಬೇಸಿಗೆಯಲ್ಲಿ ಇದೇ ಗೂಡು ನಡೆಯಿತು, ಯಾಕೆಂದರೆ ಆಗ ಅದು ಬರೀ ಹಾಸಿಗೆಯಾಗಿತ್ತು, ಕತ್ತಲಾದಾಗ ಹತ್ತಿ ಬೆಳಗಾದ ಕೂಡಲೇ ಇಳಿಯುತ್ತಿದ್ದವು. ಈಗ ಅದೇ ಮನೆಯಾಗಿದೆ. ಊಟ, ಜಗಳ, ಮೊಟ್ಟೆ ಎಲ್ಲಾ ಅಲ್ಲೇ. ಹಾಗಾಗಿ ತಲೆಗೆ ಎಷ್ಟು ಜಾಗ ಅಂತ ಕೇಳುವ ಮೊದಲು ದಿನಕ್ಕೆ ಎಷ್ಟು ಹೊತ್ತು ಒಳಗಿರುತ್ತವೆ ಅಂತ ಕೇಳಿಕೊಳ್ಳಬೇಕು. ರಾತ್ರಿ ಮಲಗಲು ಮಾತ್ರ ಅಂದರೆ ಒಂದರಿಂದ ಒಂದೂವರೆ ಚದರಡಿ ಸಾಕು, ಕೂರಲು ಗಳ ಇದ್ದರೆ. ಅರ್ಧ ದಿನ ಒಳಗೇ ಅಂದರೆ ಎರಡಕ್ಕಿಂತ ಜಾಸ್ತಿ ಬೇಕು. ಹೊರಗೆ ಬಿಡುವುದೇ ಇಲ್ಲ ಅನ್ನುವ ದಿನಗಳೂ ಇದ್ದರೆ 4 ಚದರಡಿ ಇಟ್ಟುಕೊಳ್ಳಿ.

ನಿಮ್ಮತ್ತೆ ಹೇಳಿದ್ದು ಅರ್ಧ ನಿಜ. ಕೋಳಿಗಳು ರಾತ್ರಿ ಒಂದಕ್ಕೊಂದು ಅಂಟಿ ಕೂತು ಬೆಚ್ಚಗಾಗುತ್ತವೆ. ಅವರ ಕಾಲದಲ್ಲಿ ನಾಲ್ಕೈದು ಕೋಳಿಯ ಮೇಲೆ ಮಂಕರಿ ಕವುಚಿ ಕಲ್ಲು ಹೇರುತ್ತಿದ್ದರು, ಮಂಕರಿಯ ಸಂದುಗಳಲ್ಲಿ ಗಾಳಿ ಆಡುತ್ತಿತ್ತು, ಟಾರ್ಪಾಲ್ ಎಲ್ಲಿತ್ತು? ಕೋಳಿಯ ಮೈ ಬಿಸಿಯೇ ಸುಮಾರು 41 ಡಿಗ್ರಿ, ಮೇಲೆ ಪುಕ್ಕದ ಹೊದಿಕೆ. ಒಣಗಿದ್ದರೆ ನಮ್ಮ ಕಡೆಯ ಚಳಿ ಅವಕ್ಕೆ ಲೆಕ್ಕಕ್ಕೇ ಇಲ್ಲ. ಕಷ್ಟ ಕೊಡುವುದು ತೇವ. ಒಂದು ಕೋಳಿ ದಿನಕ್ಕೆ ಕಾಲು ಲೀಟರ್ ಹತ್ತಿರ ನೀರು ಕುಡಿಯುತ್ತದೆ, ಹದಿನಾಲ್ಕಕ್ಕೆ ಮೂರು ಲೀಟರ್ ಮೇಲಾಯಿತು. ಅದರಲ್ಲಿ ಹೆಚ್ಚಿನದು ಉಸಿರಲ್ಲಿ, ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಟಾರ್ಪಾಲ್ ಒಳಗೆ ಅದು ಎಲ್ಲಿಗೆ ಹೋಗಬೇಕು ಹೇಳಿ? ತಗಡಿಗೆ ತಾಗಿ ಮತ್ತೆ ಕೋಳಿಯ ಬೆನ್ನ ಮೇಲೇ ಬೀಳುತ್ತದೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ನಿಮ್ಮ ಕಣ್ಣು ಉರಿದದ್ದು ಅದರಿಂದಲೇ. ನೀವು ಒಂದು ನಿಮಿಷ ಬಗ್ಗಿ ಎದ್ದಿರಿ, ಅವು ಅದರಲ್ಲೇ ಇಡೀ ರಾತ್ರಿ ಉಸಿರಾಡಿವೆ.

ನಾನೂ ಮಾಡಿದ ತಪ್ಪೇ ಇದು. ಮೊದಲ ವರ್ಷ ನಾಲ್ಕೂ ಕಡೆ ಪ್ಲಾಸ್ಟಿಕ್ ಹೊದಿಸಿ, ಭಾರಿ ಕೆಲಸ ಮಾಡಿದೆ ಅಂದುಕೊಂಡು ಮಲಗಿದ್ದೆ. ಎರಡೇ ವಾರಕ್ಕೆ ಎಲ್ಲಕ್ಕೂ ಗೊರಗೊರ. ಮೂರು ಹೋದವು.

ಗೂಡಿನ ಮೇಲ್ಭಾಗದಲ್ಲಿ, ಸೂರಿನ ಕೆಳಗೆ, ಎದುರುಬದುರು ಎರಡು ಕಡೆ ಒಂದು ಗೇಣು ತೆರೆದು ಸಣ್ಣ ಕಣ್ಣಿನ ಜಾಲರಿ ಹೊಡೆಯಿರಿ. ಪುನುಗು, ಕಾಡುಬೆಕ್ಕು, ಮುಂಗುಸಿ ಯಾವುದೂ ನಿಮಗೆ ಹೊಸದಲ್ಲ, ಜಾಲರಿ ಗಟ್ಟಿಯಾಗಿರಲಿ. ಅದರ ಕೆಳಗೆ ಗಾಳಿ ಬೀಸುವ ಕಡೆಗೆ ಮಾತ್ರ ಗೋಣಿ ತಾಟು ಇಳಿಬಿಡಿ. ಕೂತ ಕೋಳಿಯ ತಲೆಯ ಮೇಲಿಂದ ಗಾಳಿ ಹೋಗಬೇಕು, ಮೈಗೆ ಹೊಡೆಯಬಾರದು, ಅಷ್ಟೇ.

ಕೂರುವ ಗಳಕ್ಕೆ ತಲೆಗೆ 8 ಇಂಚು ಲೆಕ್ಕ. ನಿಮ್ಮ ಗೂಡಿನಲ್ಲಿ 4 ಅಡಿಯ ಎರಡು ಗಳ ಹಿಡಿಸುತ್ತವೆ, ಅಂದರೆ 12 ಕೋಳಿ. ಇನ್ನೆರಡು? ಮೂರು ಹುಂಜ ಯಾಕಕ್ಕ ನಿಮಗೆ? ಹತ್ತು ಹನ್ನೊಂದು ಹೇಂಟೆಗೆ ಒಂದು ಸಾಕು. ಆ ಬೆನ್ನಿನ ಪುಕ್ಕ ಹೋದದ್ದಕ್ಕೂ ಹುಂಜಗಳೇ ಕಾರಣ ಇರಬಹುದು, ಮೇಲೆ ಹತ್ತುವಾಗ ಉಗುರಿನಿಂದ ಗೀರುತ್ತವೆ. ಇಲ್ಲವೇ ಇಕ್ಕಟ್ಟಿಗೆ ಬೇಸತ್ತು ಒಂದನ್ನೊಂದು ಕುಕ್ಕುತ್ತಿವೆ. ಹೇಗಿದ್ದರೂ ಹಬ್ಬದ ಮುಂದೆ ಎರಡು ಹುಂಜ ಮಾರಿಬಿಡಿ, ಒಳ್ಳೆ ಬೆಲೆ ಬರುತ್ತದೆ. ಗಳ ಎರಡಡಿಗಿಂತ ಎತ್ತರ ಬೇಡ. ಗಿರಿರಾಜ ಭಾರದ ಕೋಳಿ, ಮೇಲಿಂದ ಧುಮುಕಿ ಧುಮುಕಿ ಪಾದ ಊದಿಸಿಕೊಳ್ಳುತ್ತದೆ. ಎರಡೂ ಗಳ ಒಂದೇ ಮಟ್ಟಕ್ಕಿರಲಿ, ಇಲ್ಲದಿದ್ದರೆ ಮೇಲಿನದಕ್ಕಾಗಿ ದಿನಾ ಸಂಜೆ ಕುಸ್ತಿ.

ಹೊಸ ಗೂಡು ಕಟ್ಟುವ ಖರ್ಚು ಬೇಡ. ಇರುವ ಗೂಡಿಗೆ ತಾಗಿದಂತೆ 6 ಅಡಿಗೆ 6 ಅಡಿ ಚಪ್ಪರ ಇಳಿಸಿ, ಸುತ್ತ ಜಾಲರಿ, ಮೇಲೆ ಸೋಗೆಯೋ ನಿಮ್ಮ ಅದೇ ಟಾರ್ಪಾಲೋ. 36 ಚದರಡಿ ಸೇರಿತು, ಒಟ್ಟು 48. ಹನ್ನೆರಡು ಕೋಳಿಗೆ ಹಂಚಿದರೆ ತಲೆಗೆ ಸರಿಯಾಗಿ 4. ಬೆಳಗಾದ ಕೂಡಲೇ ನಡುವಿನ ಬಾಗಿಲು ತೆಗೆದರೆ ಮಂಜಿದ್ದರೂ ಅಲ್ಲಿ ಕೆದಕಿಕೊಂಡಿರುತ್ತವೆ. ನೀರು, ಮೇವು ಅಲ್ಲೇ ಇಡಿ. ಗೂಡೊಳಗೆ ನೀರಿನ ತಟ್ಟೆ ಇಡಲೇಬೇಡಿ.

ನೆಲಕ್ಕೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಿತೋ, ಒದ್ದೆ ಅಂತ ಅರ್ಥ, ತೆಗೆದು ತಿಪ್ಪೆಗೆ ಹಾಕಿ. ಒದ್ದೆಯ ಮೇಲೇ ಸುಣ್ಣ ಎರಚಬೇಡಿ, ವಾಸನೆ ಇನ್ನೂ ಜಾಸ್ತಿ ಏಳುತ್ತದೆ. ಗಳದ ಕೆಳಗಿನ ಹಿಕ್ಕೆ ದಿನಾ ಬೆಳಿಗ್ಗೆ ಕೆರೆದರೆ ಅರ್ಧ ಕೆಲಸ ಮುಗಿದಂತೆ.

ಕಣ್ಣಲ್ಲಿ ನೊರೆ ಇರುವುದನ್ನು ಇವತ್ತೇ ಬೇರೆ ಕಡೆ ಕೂಡಿ, ಪಶುವೈದ್ಯರಿಗೆ ತೋರಿಸಿ. ಬರೀ ಅಮೋನಿಯಾದ ಉರಿಯೋ, ಉಸಿರಿನ ರೋಗವೋ ಅಂತ ನಾನು ಇಲ್ಲಿ ಕೂತು ಹೇಳಲಾಗದು. ಹಾಗೆಯೇ ಕೊಕ್ಕರೆ ರೋಗದ ಲಸಿಕೆ ಹಾಕಿಸಿ ಎಷ್ಟು ದಿನವಾಯಿತು ಅಂತಲೂ ನೋಡಿಕೊಳ್ಳಿ.

ಪ್ರಶ್ನೆ: ಡೆಂಕಣಿಕೋಟೆ ಕಡೆಯವನು ನಾನು. ಚಳಿಗೆ ಮೊಟ್ಟೆ ಕಡಿಮೆಯಾಗಿದೆ. ಗೂಡು ಬೆಚ್ಚಗಾಗಲು ರಾತ್ರಿಯಿಡೀ ಬಲ್ಬು ಹಾಕಬಹುದೇ?

ಉತ್ತರ: ಬೆಚ್ಚಗಾಗಲು ಬೇಡ, ಬೆಳಕಿಗೆ ಬೇಕಾದರೆ ಹಾಕಿ. ಮೊಟ್ಟೆ ಕಡಿಮೆಯಾಗಿದ್ದು ಚಳಿಗಿಂತ ಹಗಲು ಗಿಡ್ಡವಾದದ್ದಕ್ಕೆ. ಹೇಂಟೆಗೆ ದಿನಕ್ಕೆ 14 ಗಂಟೆಯಾದರೂ ಬೆಳಕು ಬೇಕು, ಡಿಸೆಂಬರಿನಲ್ಲಿ ನಮಗೆ ಸಿಗುವುದು ಹನ್ನೊಂದೂವರೆ ಗಂಟೆ ಆಸುಪಾಸು. ಬೆಳಗಿನ ಜಾವ ನಾಲ್ಕಕ್ಕೆ ಸಣ್ಣ ಎಲ್‌ಇಡಿ ಹಾಕಿ, ಬೆಳಗಾದ ಮೇಲೆ ಆರಿಸಿ. ಸಂಜೆ ಹಾಕಿ ಥಟ್ಟನೆ ಆರಿಸಿದರೆ ಪಾಪ ಗಳ ಕಾಣದೆ ನೆಲದಲ್ಲೇ ಕೂತುಬಿಡುತ್ತವೆ. ಪುಕ್ಕ ಉದುರಿಸುತ್ತಿರುವ ಕೋಳಿ, ಕಾವಿಗೆ ಕೂತ ನಾಟಿ ಕೋಳಿ ಯಾವ ಬೆಳಕಿಗೂ ಬಗ್ಗುವುದಿಲ್ಲ, ಅವನ್ನು ಬಿಡಿ. ಬಿಸಿ ಬಲ್ಬು ಬೇಕಾದದ್ದು ತಾಯಿ ಇಲ್ಲದ ಮರಿಗಳಿಗೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಸುತ್ತಾ ಬನ್ನಿ. ಆ ಬಲ್ಬನ್ನು ಬರೀ ವೈರಿನಲ್ಲಿ ನೇತುಹಾಕಬೇಡಿ, ಸರಪಳಿ ಕಟ್ಟಿ. ಕೆಳಗೆ ಹೊಟ್ಟು, ಪಕ್ಕದಲ್ಲಿ ಗೋಣಿ, ಬಿದ್ದರೆ ಹೊತ್ತಿಕೊಳ್ಳಲು ಎಷ್ಟು ಹೊತ್ತು?