ಕೆಳಗೆ ಜೀನ್ಸ್ ಯೂನಿಟ್, ಮೇಲೆ ಓದೋ ಮಗಳು: ಫೋಮೂ ಬೇಡ, ಹೆಡ್‌ಫೋನೂ ಬೇಡ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಿಮ್ಮ ಮಹಡಿ ಮನೆ, ಕೆಳಗೆ ಜೀನ್ಸ್ ಹೊಲಿಯೋ ಯೂನಿಟ್, ಮಗಳು ನೀಟ್‌ಗೆ ಓದ್ತಿದ್ದಾಳೆ. ಗೋಡೆಗೆ ಫೋಮ್ ಅಂಟಿಸೋದಾ, ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಕೊಡಿಸೋದಾ ಅಂತ ನಿಮ್ಮ ಪ್ರಶ್ನೆ. ನನ್ನ ಕೇಳಿದ್ರೆ ಎರಡೂ ಬೇಡ ಮೇಡಂ. ಬಳ್ಳಾರಿಯಲ್ಲೇ ನಾವಿದ್ದ ಬಾಡಿಗೆ ಮನೆಯೂ ಥೇಟ್ ಹೀಗೇ ಇತ್ತು, ಹೊಲಿಗೆ ಮಷೀನ್ ರಿಪೇರಿಯೇ ನನ್ನ ಕಸುಬು. ಆದ್ರೂ ಮನೆಗೆ ಮೊದಲು ಬಂದದ್ದು ಫೋಮೇ.

ಎರಡಿಂಚು ದಪ್ಪದ, ಮೊನೆ ಮೊನೆ ಇರೋ ಕರೀ ಫೋಮ್. ಗೋಡೆಯೆಲ್ಲಾ ಮುಚ್ಚಿದ ಮೇಲೆ ಕೋಣೆಯಲ್ಲಿ ಚಪ್ಪಾಳೆ ಹೊಡೆದ್ರೆ ಗುಂಯ್‌ಗುಡೋದು ನಿಂತಿತ್ತು, ಮಾತು ಮೆತ್ತಗಾಗಿತ್ತು. ಕೆಳಗಿನ ಮೋಟಾರ್ ಸದ್ದು ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಕೋಣೆಯ ಪ್ರತಿಧ್ವನಿ ಹೋಗಿದ್ದಕ್ಕೆ ಅದೊಂದೇ ಎದ್ದು ಕೇಳೋಕೆ ಶುರುವಾಯ್ತು. ದುಡ್ಡು ಹೋಯ್ತು, ಕಿತ್ತಾಗ ಗೋಡೆ ಬಣ್ಣವೂ ಜೊತೆಗೇ ಬಂತು.

ಯಾಕೆ ಹೀಗಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಂಗಡಿಯವರು ಇದನ್ನ ಹೇಳೋದಿಲ್ಲ. ಸದ್ದನ್ನ ಹೀರೋದು ಒಂದು ಕೆಲಸ, ತಡೆಯೋದು ಬೇರೇನೇ ಕೆಲಸ. ಫೋಮ್ ಮಾಡೋದು ಮೊದಲನೇದು. ಅದೂ ಕೀಚಲು ಸದ್ದಿಗೆ ಮಾತ್ರ. ನಮ್ಮ ಕರೆಂಟು 50 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 50 ಸುತ್ತು; ಅದರಿಂದ ಓಡೋ ಮೋಟಾರು ಅದರ ಎರಡರಷ್ಟು, 100 ಹರ್ಟ್ಸ್‌ನಲ್ಲಿ ಗುಂಯ್ ಅನ್ನುತ್ತೆ. ಆ ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್ ಉದ್ದ. ಅಂಥ ಅಲೆಯನ್ನ ಚೆನ್ನಾಗಿ ಹೀರಬೇಕಂದ್ರೆ ಫೋಮ್ ಅದರ ಕಾಲು ಭಾಗದಷ್ಟು, ಅಂದ್ರೆ ಮೂರಡಿಯ ಹತ್ತಿರ ದಪ್ಪ ಬೇಕು. ಎರಡಿಂಚು ಎಲ್ಲಿ, ಮೂರಡಿ ಎಲ್ಲಿ!

ಇನ್ನು ತಡೆಯೋದು ಅಂತ ಬಂದ್ರೆ ಅಲ್ಲಿ ಲೆಕ್ಕಕ್ಕೆ ಬರೋದು ತೂಕ. ಐದಿಂಚಿನ ಆರ್‌ಸಿಸಿ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತೆ. ತೂಕ ಎರಡರಷ್ಟಾದ್ರೆ ಐದಾರು ಡೆಸಿಬಲ್ ಇಳಿಯುತ್ತೆ. ಎರಡಿಂಚು ಫೋಮಿನ ತೂಕ ಚದರ ಮೀಟರಿಗೆ ಒಂದೂವರೆ ಕಿಲೋ. 300 ಕಿಲೋಗೆ ಒಂದೂವರೆ ಕಿಲೋ ಸೇರಿಸಿದ್ರೆ ಏನಾಗುತ್ತೆ ನೀವೇ ಹೇಳಿ. ಮೊಟ್ಟೆ ಟ್ರೇ ಅಂಟಿಸೋರದ್ದೂ ಇದೇ ಕಥೆ. ಜೊತೆಗೆ ಮಾಮೂಲಿ ಪಿಯು (ಪಾಲಿಯುರಿಥೇನ್) ಫೋಮಿಗೆ ಕಿಡಿ ಬಿದ್ರೆ ಭಗ್ ಅಂತ ಹತ್ಕೊಳ್ಳುತ್ತೆ, ಹೊಗೆ ವಿಷ. ಕೆಳಗೆ ಬಟ್ಟೆ ರಾಶಿ ಇರೋ ಕಟ್ಟಡದಲ್ಲಿ ಅದನ್ನ ಹಾಕಿಸಲೇಬೇಡಿ.

ಈಗ ನಿಮ್ಮ ಮನೆಗೆ ಬರೋಣ. ಸದ್ದು ಗಾಳಿಯಲ್ಲಿ ಬರ್ತಿದೆಯಾ, ಕಟ್ಟಡದ ಮೈಯಲ್ಲಿ ಬರ್ತಿದೆಯಾ ಅಂತ ಮೊದಲು ನೋಡಿ. ಮಷೀನ್‌ಗಳು ಓಡೋವಾಗ ಸ್ಟೀಲ್ ಲೋಟದ ತುಂಬಾ ನೀರು ತುಂಬಿ ಕೋಣೆಯ ನೆಲದ ಮೇಲಿಡಿ, ಫ್ಯಾನ್ ಆರಿಸಿ. ನೀರಿನ ಮೇಲೆ ಸಣ್ಣ ಬಳೆ ಬಳೆಯಾಗಿ ನಡುಕ ಕಂಡ್ರೆ, ಅಥವಾ ಗೋಡೆಗೆ ಬೆರಳ ತುದಿ ಇಟ್ಟಾಗ ಜುಮ್ ಅಂದ್ರೆ ಅದು ಕಟ್ಟಡದ ಮೈಯಿಂದ ಬರೋದು. ನೀರು ಸುಮ್ಮನಿದ್ದು ಕಿವಿಗೆ ಮಾತ್ರ ಸದ್ದಾದ್ರೆ ಬಹುಶಃ ಹೆಚ್ಚಿನದು ಮೆಟ್ಟಿಲು, ಬಾಗಿಲು, ಕಿಟಕಿಯಿಂದ ಗಾಳಿಯಲ್ಲಿ ಬರ್ತಿದೆ. ಸಾಮಾನ್ಯವಾಗಿ ಎರಡೂ ಇರುತ್ತೆ.

ಕಟ್ಟಡದ ಮೈಯಿಂದ ಬರೋದಕ್ಕೆ ಮದ್ದು ಕೆಳಗಡೆ ಇದೆ, ನಿಮ್ಮ ಕೋಣೆಯಲ್ಲಿ ಇಲ್ಲ. ಯೂನಿಟ್ಟಿನ ಟೇಬಲ್‌ಗಳು ಗೋಡೆಗೋ ಪಿಲ್ಲರಿಗೋ ತಾಗಿ ನಿಂತಿವೆಯಾ ನೋಡಿ, ಎರಡಿಂಚು ಆಚೆ ಎಳೆಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆಮೇಲೆ ಕಾಲುಗಳ ಕೆಳಗೆ ರಬ್ಬರ್ ತುಂಡು. ಇಲ್ಲಿ ಎಲ್ಲರೂ ದೊಡ್ಡ ಹಾಳೆ ತಂದು ಟೇಬಲ್ ಪೂರ್ತಿ ಹಾಸ್ತಾರೆ, ಅದು ದಂಡ. ರಬ್ಬರ್ ಭಾರಕ್ಕೆ ಅಮುಕಿಕೊಳ್ಳಬೇಕು, ಆಗಲೇ ಅದು ಸ್ಪ್ರಿಂಗಿನ ಕೆಲಸ ಮಾಡೋದು. ಮೂರು ಮಿಲಿಮೀಟರ್ ಅಮುಕಿದ್ರೆ ಅದರ ಸ್ವಂತ ಕಂಪನ ಸುಮಾರು 9 ಹರ್ಟ್ಸ್. ನಿಮಿಷಕ್ಕೆ 1440 ಸುತ್ತಿನ (ಆರ್‌ಪಿಎಂ) ಮೋಟಾರ್ ತಿರುಗೋದು 24 ಹರ್ಟ್ಸ್‌ನಲ್ಲಿ; ರಬ್ಬರಿನ ಕಂಪನ ಅದಕ್ಕಿಂತ ಸಾಕಷ್ಟು ಕಡಿಮೆ ಇರೋದ್ರಿಂದ ಅದನ್ನ ತಡೆಯೋಕೆ ಇಷ್ಟು ಸಾಕು. ಅಗಲ ಜಾಸ್ತಿಯಾದ್ರೆ ಅಮುಕೋದೇ ಇಲ್ಲ, ನೆಲದ ಮೇಲೆ ನೇರ ಇಟ್ಟಂಗೇ. ಮೆತ್ತನೆ ರಬ್ಬರನ್ನ ಸಣ್ಣದಾಗಿ ಕತ್ತರಿಸಿ ಇಟ್ಟು ನೋಡಿ, ಅಮುಕದಿದ್ರೆ ಇನ್ನೂ ಸಣ್ಣದು ಮಾಡಿ. ಬೋಲ್ಟ್ ಹಾಕಿ ಬಿಗಿಯಬೇಡಿ.

ಮಷೀನ್ ತಲೆ ಕೂರೋ ಜಾಗದಲ್ಲೂ ಮೂಲೆಗಳಲ್ಲಿ ಸಣ್ಣ ರಬ್ಬರ್ ಕುಶನ್ ಇರ್ತವೆ. ಎಣ್ಣೆ ಕುಡಿದು ಕಲ್ಲಾಗಿರ್ತವೆ, ಎಷ್ಟೋ ಕಡೆ ಉದುರೇ ಹೋಗಿರ್ತವೆ. ಆಗ ಕಬ್ಬಿಣ ನೇರ ಪ್ಲೈವುಡ್ ಮೇಲೆ ಕೂತು ಟೇಬಲ್ಲೇ ತಮಟೆ ಆಗುತ್ತೆ. ಸ್ಪೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗ್ತವೆ.

ಆದರೆ ಅಸಲಿ ವಿಷಯ ಮೋಟಾರ್. ಹಳೇ ಜೂಕಿ ಮಷೀನ್‌ಗಳಿಗೆ ಇರೋದು ಕ್ಲಚ್ ಮೋಟಾರ್. ಸ್ವಿಚ್ ಹಾಕಿದ ಗಳಿಗೆಯಿಂದ ಆರಿಸೋವರೆಗೂ ಅದು ಪೂರ್ತಿ ವೇಗದಲ್ಲಿ ತಿರುಗ್ತಾನೇ ಇರುತ್ತೆ, ಹೊಲಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಪೆಡಲ್ ಒತ್ತಿದಾಗ ಕ್ಲಚ್ ಹಿಡಿಯುತ್ತೆ, ಅಷ್ಟೇ ವ್ಯತ್ಯಾಸ. ಹೊಲಿಯೋರು ಬಟ್ಟೆ ಜೋಡಿಸೋಕೆ, ತಿರುಗಿಸೋಕೆ, ಕತ್ತರಿಸೋಕೆ ತಗೊಳ್ಳೋ ಹೊತ್ತೇ ಜಾಸ್ತಿ. ಆ ಹೊತ್ತೆಲ್ಲಾ ಸುಮ್ಮನೆ ಗುಂಯ್. ನಿಮಗೆ ತಲೆನೋವು ತರಿಸ್ತಿರೋದು ಇದೇನಾ ಅಂತ ತಿಳೀಬೇಕಂದ್ರೆ ಸಂಜೆ ಕೆಲಸ ಮುಗಿದ ಮೇಲೆ ಒಂದು ಮಷೀನಿನ ಬೆಲ್ಟ್ ತೆಗೆಸಿ ಬರೀ ಮೋಟಾರ್ ಓಡಿಸಿ, ಮೇಲೆ ಹೋಗಿ ಕೇಳಿ.

ಇದರ ಬದಲಿಗೆ ಸರ್ವೋ ಮೋಟಾರ್. ಪೆಡಲ್ ಒತ್ತಿದ್ರೆ ಮಾತ್ರ ತಿರುಗುತ್ತೆ, ಕಾಲು ತೆಗೆದ್ರೆ ನಿಶ್ಶಬ್ದ. ಸಾಮಾನ್ಯವಾಗಿ ಟೇಬಲ್ ಕೆಳಗಿನ ಅದೇ ಮೂರು ಬೋಲ್ಟಿಗೆ ಕೂರುತ್ತೆ. ಮೋಟಾರ್ ಪುಲ್ಲಿ, ಮಷೀನ್ ಚಕ್ರ ಒಂದೇ ಗೆರೆಯಲ್ಲಿ ಇರಬೇಕು, ಇಲ್ಲಾಂದ್ರೆ ಬೆಲ್ಟ್ ಅಂಚು ತಿಂದು ಹೊಸ ಸದ್ದು ಶುರು. ಬೆಲ್ಟಿನ ನಡುವೆ ಬೆರಳಲ್ಲಿ ಒತ್ತಿದ್ರೆ 10ರಿಂದ 15 ಮಿಲಿಮೀಟರ್ ಒಳಗೆ ಹೋಗಬೇಕು. ಚಕ್ರ ಹೊಲಿಯೋರ ಕಡೆಗೆ ತಿರುಗಬೇಕು. ಉಲ್ಟಾ ತಿರುಗಿದ್ರೆ ಮೋಟಾರಿನ ಸೆಟ್ಟಿಂಗ್‌ನಲ್ಲೇ ದಿಕ್ಕು ಬದಲಿಸಬಹುದು. ಜೀನ್ಸ್ ಆದ್ದರಿಂದ 550 ವ್ಯಾಟಿಗಿಂತ ಕಡಿಮೆ ಬೇಡ. ಅಗ್ಗದ 400 ವ್ಯಾಟಿನದು ತೆಳು ಬಟ್ಟೆಗೆ ಸರಿ, ಡೆನಿಮ್‌ನ ಆರೆಂಟು ಪದರ ಸೇರೋ ಜೋಡಣೆಗೆ ಸೂಜಿ ಬಂದಾಗ ನಿಧಾನ ವೇಗದಲ್ಲಿ ತಿಣುಕಿ ನಿಲ್ಲುತ್ತೆ. ಆಮೇಲೆ ಟೈಲರ್‌ಗಳು ಬೈದು ಹಳೇದನ್ನೇ ಹಾಕಿಸ್ತಾರೆ.

ಯಾರ ದುಡ್ಡು ಅಂತೀರಾ? ನೀವು ಕೊಡಿಸೋಕೆ ಹೊರಟಿರೋ ಒಳ್ಳೆ ಕಂಪನಿ ಹೆಡ್‌ಫೋನ್‌ಗಿಂತ ಒಂದು ಸರ್ವೋ ಅಗ್ಗ. ಯೂನಿಟ್ಟಿನವರಿಗೆ ಸದ್ದಿನ ವಿಷಯ ಎತ್ತಬೇಡಿ, ಕರೆಂಟ್ ಬಿಲ್ಲಿನ ವಿಷಯ ಎತ್ತಿ. ಸುಮ್ಮನೆ ತಿರುಗೋ ಮೋಟಾರ್ ಸುಮ್ಮನೆ ಬಿಲ್ಲೂ ಏರಿಸುತ್ತೆ.

ಇನ್ನು ಗಾಳಿಯಲ್ಲಿ ಬರೋ ಸದ್ದು. ಬಾಗಿಲು ಮುಚ್ಚಿಟ್ಟು ಬೆಳಿಗ್ಗೆ ಕೆಳ ಅಂಚು, ಚೌಕಟ್ಟಿನ ಸಂದು ನೋಡಿ. ನಮ್ಮೂರ ಕೆಂಪು ಧೂಳು ಗೆರೆ ಎಳೆದಿರುತ್ತೆ. ಧೂಳು ಬಂದಲ್ಲೆಲ್ಲಾ ಸದ್ದು ಬರುತ್ತೆ. ಏಳಡಿ ಬಾಗಿಲ ಕೆಳಗೆ 10 ಮಿಲಿಮೀಟರ್ ಸಂದಿದ್ರೆ ಅದು ಬಾಗಿಲ ಅಳತೆಯಲ್ಲಿ ನೂರಕ್ಕೆ ಅರ್ಧ ಭಾಗವೂ ಅಲ್ಲ. ಆದ್ರೂ ಎಂಥ ಸಾಗುವಾನಿ ಬಾಗಿಲು ಹಾಕಿದ್ರೂ ಸುಮಾರು 23 ಡೆಸಿಬಲ್‌ಗಿಂತ ಹೆಚ್ಚು ತಡೆಯೋಕೆ ಆ ಸಂದು ಬಿಡೋದಿಲ್ಲ. ಚೌಕಟ್ಟಿಗೆ ಅಂಟಿಸೋ ಇಪಿಡಿಎಂ (ಒಂದು ಬಗೆಯ ಸಿಂಥೆಟಿಕ್) ರಬ್ಬರ್ ಪಟ್ಟಿ ಹಾಕಿ, ಬಾಗಿಲ ಕೆಳ ಅಂಚಿಗೆ ನೆಲ ತಾಗೋ ರಬ್ಬರ್ ಪಟ್ಟಿ, ಅಂದ್ರೆ ಸ್ವೀಪ್ ಹಾಕಿ. ಕಾಗದದ ಚೂರು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ; ಸುತ್ತಲೂ ಬಿಗಿಯಾಗಿ ಹಿಡಿಯಬೇಕು, ಸಲೀಸಾಗಿ ಬಂದ ಕಡೆ ಇನ್ನೂ ಸಂದಿದೆ.

ಕಿಟಕಿ ವಿಷಯದಲ್ಲಿ ಡಬಲ್ ಗ್ಲಾಸ್ ಅಂತ ಮಾರೋರ ಮಾತಿಗೆ ಮರುಳಾಗಬೇಡಿ. ಎರಡು 4 ಮಿಲಿಮೀಟರ್ ಗಾಜಿನ ನಡುವೆ 12 ಮಿಲಿಮೀಟರ್ ಅಂತರ ಬಿಟ್ರೆ 250 ಹರ್ಟ್ಸ್ ಆಸುಪಾಸಿನಲ್ಲಿ ಎರಡೂ ಗಾಜು ಕೂಡಿ ಕುಣೀತವೆ, ಆ ಸದ್ದು ಹಾಯಾಗಿ ಒಳಗೆ ಬರುತ್ತೆ. ಒಂಬತ್ತಿಂಚು ಗೋಡೆಯ ಒಳ ಅಂಚಿಗೆ ನಾಲ್ಕಿಂಚು ಬಿಟ್ಟು ಎರಡನೇ ಕಿಟಕಿ ಕೂರಿಸಿದ್ರೆ ಆ ತೊಂದರೆ 85 ಹರ್ಟ್ಸ್‌ಗೆ ಇಳಿಯುತ್ತೆ. ಸ್ಲೈಡಿಂಗ್ ಬೇಡ, ಅದರ ಬ್ರಷ್ ಅಂಚಲ್ಲಿ ಸದ್ದು ಸೋರುತ್ತೆ. ರಬ್ಬರ್ ಗ್ಯಾಸ್ಕೆಟ್ ಇರೋ, ತೆರೆದು ಮುಚ್ಚೋ ಕಿಟಕಿ ಮಾಡಿಸಿ.

ನಲವತ್ತು ಡಿಗ್ರಿ ದಾಟೋ ಊರಲ್ಲಿ ಕಿಟಕಿ ಮುಚ್ಚಿ ಬದುಕೋದು ಹೆಂಗೆ ಅಂತ ಕೇಳ್ತೀರಿ, ನ್ಯಾಯವೇ. ಎಸಿ ಇದ್ರೆ ಚಿಂತೆಯಿಲ್ಲ. ಕೂಲರ್ ಆದ್ರೆ ಗಾಳಿ ಹೊರಗೆ ಹೋಗೋಕೆ ದಾರಿ ಬೇಕೇ ಬೇಕು, ಇಲ್ಲಾಂದ್ರೆ ಕೋಣೆ ಜಿಗಿಜಿಗಿ. ಯೂನಿಟ್ಟಿನ ಬೀದಿ ಕಡೆಯ ಕಿಟಕಿ ಭದ್ರ ಮಾಡಿ, ಕೂಲರನ್ನ ಹಿತ್ತಲ ಕಡೆಗೆ ಇಡಿ, ಗಾಳಿ ಹೊರಬೀಳೋ ದಾರಿಯನ್ನೂ ಆ ಕಡೆಗೇ ಕೊಡಿ. ಫ್ಯಾನ್ ವೇಗ ನೂರಕ್ಕೆ ಇಪ್ಪತ್ತು ಇಳಿಸಿದ್ರೆ ಕೂಲರಿನ ಸದ್ದೇ ಸುಮಾರು 5 ಡೆಸಿಬಲ್ ಇಳಿಯುತ್ತೆ.

ಹೆಡ್‌ಫೋನ್ ಕೆಟ್ಟದ್ದೇನಲ್ಲ. ಒಳಗಿನ ಮೈಕ್ ಸದ್ದು ಕೇಳಿ ಅದಕ್ಕೆ ತದ್ವಿರುದ್ಧ ಅಲೆ ಹುಟ್ಟಿಸೋ ಉಪಾಯಕ್ಕೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಒಂದೇ ಸಮನೆ ಬರೋ ಗುಂಯ್ ಸದ್ದಿಗೆ ಒಳ್ಳೇದು. ಸೂಜಿಯ ಟಕಟಕ, ಜನರ ಮಾತಿಗೆ ಅಷ್ಟಕ್ಕಷ್ಟೇ. ಮೇ ತಿಂಗಳಲ್ಲಿ ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್ ಹಾಕ್ಕೊಂಡು ದಿನವಿಡೀ ಓದೋಕೆ ಬೆವರು ಬಿಡಬೇಕಲ್ಲ. ಕೆಳಗಿನ ಸದ್ದಿಗೆ ಮದ್ದು ಆಗೋವರೆಗೆ ಫೋಮ್ ಇಯರ್‌ಪ್ಲಗ್ ಸಾಕು: ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನ ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಉಬ್ಬೋವರೆಗೂ ಅರ್ಧ ನಿಮಿಷ ಹಿಡ್ಕೋಬೇಕು. ಸುಮ್ಮನೆ ತುರುಕಿದ್ರೆ ಅರ್ಧ ಕೆಲಸವೂ ಮಾಡೋಲ್ಲ.

ಕಾನೂನು ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ, ಎರಡೂ ಎ ಅಳತೆಯಲ್ಲಿ. ಆದರೆ ಪಕ್ಕದವರ ಜೊತೆ ಕಟ್ಟಕಡೆಗೆ ತೆಗೆಯೋ ಅಸ್ತ್ರ ಅದು. ಗುಂಯ್ ಎಷ್ಟಿದೆ ಅಂತ ಮೊಬೈಲ್ ಆ್ಯಪಲ್ಲಿ ಅಳೆಯೋದಾದ್ರೆ ಎ ಬದಲು ಸಿ ಅಳತೆ (ವೇಟಿಂಗ್) ಆರಿಸಿ. ಎ ಅಳತೆ 100 ಹರ್ಟ್ಸ್ ಸದ್ದನ್ನ 19 ಡೆಸಿಬಲ್ ಕಡಿಮೆ ತೋರಿಸುತ್ತೆ, ನಿಮ್ಮ ಗುಂಯ್ ಅದರಲ್ಲಿ ಕಾಣೋದೇ ಇಲ್ಲ.

ಎಲ್ಲಾ ಮಷೀನಿಗೂ ಒಟ್ಟಿಗೆ ಸರ್ವೋ ಹಾಕಿ ಅಂದ್ರೆ ಯಾವ ಮಾಲೀಕನೂ ಒಪ್ಪೋಲ್ಲ. ಮಗಳ ಕೋಣೆಯ ಕೆಳಗೇ ಇರೋ ಒಂದಕ್ಕೆ ಮೊದಲು ಹಾಕಿಸಿ, ಖರ್ಚಲ್ಲಿ ಅರ್ಧ ನೀವು ಹಾಕ್ತೀನಿ ಅನ್ನಿ. ಹಳೇ ಮೋಟಾರನ್ನ ಅವರಿಗೇ ಬಿಡಿ, ತಾಮ್ರದ ವೈಂಡಿಂಗ್ ಇದ್ರೆ ಗುಜರಿಯಲ್ಲಿ ಒಂದಿಷ್ಟು ಹುಟ್ಟುತ್ತೆ.