ಅಳಿವೆ ಬಾಗಿಲಿನ ಒಳಗೇ ಸುತ್ತಿ: ಪುಟ್ಟ ಹಾಯಿದೋಣಿಯವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾಲೇಜಿನಲ್ಲಿ ಎನ್‌ಸಿಸಿ ನೌಕಾ ವಿಭಾಗದಲ್ಲಿದ್ದಾಗ ಹಾಯಿದೋಣಿ ನಡೆಸಲು ಕಲಿತಿದ್ದೆ. ಈಗ ಹಳೆಯದೊಂದು ಎಂಟರ್‌ಪ್ರೈಸ್ ದೋಣಿ ಕೈಗೆ ಬಂದಿದೆ. ಹೆಂಡತಿ ಮತ್ತು ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳುವಂಥ ಸಣ್ಣ ಪಯಣಗಳನ್ನು ಮಾಡುವ ಆಸೆ. ಮೊದಲಿಗೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಬೆಳಗಿನ ಗಾಳಿ ಕರೆದೊಯ್ಯುತ್ತದೆ, ಮಧ್ಯಾಹ್ನದ ಗಾಳಿ ಕರೆತರುತ್ತದೆ ಎನ್ನುವುದು ನನ್ನ ಲೆಕ್ಕ. ಇಷ್ಟು ಚಿಕ್ಕ ದೋಣಿಯಲ್ಲಿ ಐಸ್‌ಲ್ಯಾಂಡಿಗೇ ಹೋದವರಿದ್ದಾರೆ ಎಂದೂ ಕೇಳಿದ್ದೇನೆ. ನಿಮ್ಮ ಅಭಿಪ್ರಾಯ?
– ಓದುಗರು, ಬ್ರಹ್ಮಾವರ

ಉತ್ತರ: ಗಾಳಿಯ ಲೆಕ್ಕ ಸರಿಯಾಗಿಯೇ ಇದೆ. ಯಂತ್ರ ಬರುವ ಮುಂಚೆ ನಮ್ಮ ಮೀನುಗಾರರು ಕಡಲಿಗೆ ಹೋಗಿ ಬರುತ್ತಿದ್ದುದು ಹಾಗೆಯೇ: ನಸುಕಿನ ಮೂಡಾಯಿ (ಮೂಡಣ) ಗಾಳಿಗೆ ಹೊರಗೆ, ಹೊತ್ತೇರಿದ ಮೇಲಿನ ಪಡ್ಡಾಯಿ (ಪಡುವಣ) ಗಾಳಿಗೆ ಒಳಗೆ. ಆದರೂ ಮೊದಲ ವರ್ಷ ಆ ದ್ವೀಪದ ಯೋಚನೆ ಬಿಡಿ ಎನ್ನುತ್ತೇನೆ. ಮಲ್ಪೆಯಿಂದ ಅದು ಸುಮಾರು ಆರು ಕಿಲೋಮೀಟರ್, ನಡುವೆ ಇರುವುದೆಲ್ಲ ತೆರೆದ ಕಡಲು. ಮೂಡಾಯಿ ಗಾಳಿ ನಿಂತು ಪಡ್ಡಾಯಿ ಏಳುವವರೆಗೆ ಒಂದೆರಡು ಗಂಟೆ ಎಲೆಯೂ ಅಲುಗದ ಹೊತ್ತೊಂದಿದೆ. ಆಗ ನೀವು ಬಿಸಿಲಿನಲ್ಲಿ, ಟ್ರಾಲರ್‌ಗಳು ಓಡಾಡುವ ದಾರಿಯಲ್ಲಿ, ಅಲ್ಲಾಡದೆ ನಿಂತಿರುತ್ತೀರಿ. ಹೋಗುವಾಗಲೇ ಚುಕ್ಕಾಣಿ ಮುರಿದರೆ ಮೂಡಾಯಿ ಗಾಳಿ ನಿಮ್ಮನ್ನು ದಡಕ್ಕೆ ತಳ್ಳುವುದಿಲ್ಲ, ಪಡುವಣ ಕಡಲಿಗೆ ತಳ್ಳುತ್ತದೆ. ದ್ವೀಪದ ಸುತ್ತ ಬಂಡೆಗಳಿವೆ, ಕೆಲವು ನೀರಿನಡಿಯಲ್ಲಿ ಅಡಗಿವೆ. ಪ್ಲೈವುಡ್ ದೋಣಿಗೆ ಅಂಥ ಒಂದು ಏಟು ಸಾಕು.

ಐಸ್‌ಲ್ಯಾಂಡಿನ ಮಾತು ನಿಜ. ಇಂಗ್ಲೆಂಡಿನ ಫ್ರಾಂಕ್ ಡೈ ಎಂಬವರು 1963ರಲ್ಲಿ ಸುಮಾರು ಹದಿನಾರು ಅಡಿಯ ವೇಫೇರರ್ ದೋಣಿಯಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿಗೆ ಹೋದರು, ಮರುವರ್ಷ ನಾರ್ವೆಗೆ. ನಾರ್ವೆಯ ದಾರಿಯಲ್ಲಿ ಬಿರುಗಾಳಿಗೆ ಅವರ ಕೂವೆಮರವೇ ಮುರಿಯಿತು. ವೇಫೇರರ್ ಪಯಣಕ್ಕೂ ಒದಗುವ ಅಗಲವಾದ, ಭಾರವಾದ ದೋಣಿ. ನಿಮ್ಮ ಎಂಟರ್‌ಪ್ರೈಸ್ ಹಾಗಲ್ಲ. ಜಾಕ್ ಹೋಲ್ಟ್ 1956ರಲ್ಲಿ ವಿನ್ಯಾಸ ಮಾಡಿದ ಈ ನಾಲ್ಕು ಮೀಟರ್ ದೋಣಿ ಇಬ್ಬರು ಕೂತು ಪಂದ್ಯ ಓಡಿಸಲಿಕ್ಕೆ ಹುಟ್ಟಿದ್ದು. ಮೈಗೆ ಹೋಲಿಸಿದರೆ ಹಾಯಿ ದೊಡ್ಡದು, ಹತ್ತು ಚದರ ಮೀಟರಿಗಿಂತ ಹೆಚ್ಚು. ಹಾಗಾಗಿ ಮೊದಲ ಕೆಲಸವಾಗಿ, ಹಾಯಿ ಹೊಲಿಯುವವರಲ್ಲಿಗೆ ಹೋಗಿ ದೊಡ್ಡ ಹಾಯಿಗೆ ಎರಡು ಸಾಲು ರೀಫ್ ಹಾಕಿಸಿ. ಗಾಳಿ ಬಲಿತಾಗ ಕೆಳಗಿನ ಭಾಗ ಮಡಚಿ ಕಟ್ಟಿ ಹಾಯಿಯನ್ನು ಚಿಕ್ಕದು ಮಾಡುವ ವ್ಯವಸ್ಥೆ ಅದು. ಪಂದ್ಯದ ಹಾಯಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದಿಲ್ಲದೆ ಮಗಳನ್ನು ಹತ್ತಿಸಿಕೊಳ್ಳಬೇಡಿ.

ಹಾಗಾದರೆ ಎಲ್ಲಿಗೆ ಹೋಗಬೇಕು? ನೀವಿರುವ ಊರಿನಿಂದ ಸ್ವಲ್ಪವೇ ದೂರದಲ್ಲಿ, ಪುಟ್ಟ ಹಾಯಿದೋಣಿಗೆಂದೇ ಮಾಡಿಟ್ಟಂಥ ನೀರಿದೆ. ಘಟ್ಟ ಇಳಿದು ಬರುವ ನಮ್ಮ ಅನೇಕ ಹೊಳೆಗಳು ಕಡಲನ್ನು ನೇರವಾಗಿ ಸೇರುವುದಿಲ್ಲ. ಅಲೆಗಳು ತಂದು ಒಟ್ಟಿದ ಹೊಯಿಗೆ (ಮರಳು) ದಿಣ್ಣೆ ಅಡ್ಡ ಬಂದು, ಬಡಗಿಗೋ ತೆಂಕಿಗೋ ಹೊರಳಿ, ದಡದುದ್ದಕ್ಕೂ ಹರಿದು ಆಮೇಲೆ ಅಳಿವೆ ಕಾಣುತ್ತವೆ. ಆ ಹೊಯಿಗೆಯ ಪಟ್ಟಿಯೇ ಬೆಂಗ್ರೆ. ಸ್ವರ್ಣಾ ಹೊಳೆ ಕೋಡಿಬೆಂಗ್ರೆಯ ಹಿಂದೆ ಹೀಗೆ ಬಡಗಿಗೆ ಹರಿದು ಹಂಗಾರಕಟ್ಟೆಯ ಎದುರು ಸೀತಾ ಹೊಳೆಯನ್ನು ಕೂಡುತ್ತದೆ. ಉದ್ಯಾವರ ಹೊಳೆ ಪಡುಕೆರೆಯ ಹಿಂದೆ ಮಲ್ಪೆಯವರೆಗೆ ಬರುತ್ತದೆ. ಮಂಗಳೂರಿನಲ್ಲಿ ಗುರುಪುರ ಹೊಳೆ ತಣ್ಣೀರುಬಾವಿ, ಬೆಂಗ್ರೆಗಳ ಹಿಂದೆ ತೆಂಕಿಗೆ ಇಳಿಯುತ್ತದೆ. ಹಾಯಿ ಹಾಕುವವರಿಗೆ ಇದರ ಲಾಭ ಬಹಳ ದೊಡ್ಡದು. ಮಧ್ಯಾಹ್ನದ ಗಾಳಿ ಬರುವುದು ಪಡುವಣದಿಂದ, ನೀರು ಇರುವುದು ತೆಂಕು-ಬಡಗಾಗಿ. ಹೋಗುವಾಗಲೂ ಬರುವಾಗಲೂ ಗಾಳಿ ದೋಣಿಯ ಪಕ್ಕೆಗೇ ಸಿಗುತ್ತದೆ. ಹಾಯಿದೋಣಿ ಅತ್ಯಂತ ಹಗುರವಾಗಿ, ಸುಲಭವಾಗಿ ಓಡುವುದು ಆ ಗಾಳಿಗೇ. ಎದುರುಗಾಳಿಗೆ ಅಡ್ಡಡ್ಡ ಹಾಯ್ದು ಸುಸ್ತಾಗುವ ಪ್ರಮೇಯ ಕಡಿಮೆ. ಕಡಲ ಅಲೆಯನ್ನು ಬೆಂಗ್ರೆ ತಡೆಯುತ್ತದೆ, ಗಾಳಿಯನ್ನು ಬಿಟ್ಟುಕೊಡುತ್ತದೆ. ಇಂಥ ನೀರು ಮನೆ ಬಾಗಿಲಲ್ಲಿರುವಾಗ ಅದನ್ನು ದಾಟಿ ಹೊರಗೆ ಹೋಗುವ ಆತುರ ಬೇಕಿಲ್ಲ.

ಒಂದು ಸೂಕ್ಷ್ಮ ಇದೆ. ಬೆಂಗ್ರೆಯ ತೆಂಗಿನ ಸಾಲಿಗೆ ತೀರ ಹತ್ತಿರ ಹೋದರೆ ಗಾಳಿ ಕಡಿದು ಕಡಿದು ಬರುತ್ತದೆ. ಒಮ್ಮೆ ಏನೂ ಇಲ್ಲ, ಮರುಕ್ಷಣ ದೋಣಿಯನ್ನೇ ಓರೆ ಮಾಡುವಷ್ಟು. ಹೊಳೆಯ ನಡುವೆ ಅಥವಾ ತುಸು ಮೂಡು ಬದಿಗೆ ಇರಿ, ಹಾಯಿಯ ಹಗ್ಗವನ್ನು ಕಟ್ಟದೆ ಕೈಯಲ್ಲೇ ಹಿಡಿಯಿರಿ.

ಇನ್ನು ಭರತ-ಇಳಿತ. ನಮ್ಮಲ್ಲಿ ನೀರು ಏರಿಳಿಯುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲೂ ಸುಮಾರು ಒಂದೂವರೆ ಮೀಟರ್ ಮಾತ್ರ. ಗುಜರಾತಿನ ಖಂಬಾತ್ ಕೊಲ್ಲಿಗೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ಹೊಳೆಯ ಆಳವೇ ಹಲವೆಡೆ ಒಂದು ಮೀಟರ್ ಇರುವಾಗ ಆ ಒಂದೂವರೆ ಮೀಟರೇ ಸರ್ವಸ್ವ. ಏರಲು ಸುಮಾರು ಆರು ಗಂಟೆ, ಇಳಿಯಲು ಆರು ಗಂಟೆ. ಅದರಲ್ಲಿ ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ನೀರು ಚಲಿಸುತ್ತದೆ, ಸೆಳೆತ ಜೋರಾಗಿರುವುದೂ ಆಗಲೇ. ದಿನದಿಂದ ದಿನಕ್ಕೆ ಹೊತ್ತು ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಗಾಳಿ, ಅಲೆ, ಭರತದ ಮುನ್ಸೂಚನೆ ಕೊಡುತ್ತದೆ; ಹಿಂದಿನ ಸಂಜೆ ನೋಡಿಟ್ಟುಕೊಳ್ಳಿ.

ನನ್ನ ಸಲಹೆ ಇದು. ಬೆಳಿಗ್ಗೆ ನೀರು ಕಡಿಮೆ ಇದ್ದು ಮಧ್ಯಾಹ್ನದ ಹೊತ್ತಿಗೆ ತುಂಬುವ ದಿನವನ್ನು ಆರಿಸಿ. ನೀರು ಏರಲು ಶುರುವಾಗಿ ಎರಡು ಗಂಟೆಯಾದ ಮೇಲೆ ದೋಣಿ ಇಳಿಸಿ. ಏರುವ ನೀರಿನಲ್ಲಿ ಹೊಯಿಗೆಗೆ ತಾಗಿ ನಿಂತರೆ ಸ್ವಲ್ಪ ಕಾದರೆ ಸಾಕು, ಹೊಳೆಯೇ ಎತ್ತಿ ಬಿಡುತ್ತದೆ. ಇಳಿಯುವ ನೀರಿನಲ್ಲಿ ತಾಗಿದರೆ ತಕ್ಷಣ ಹಾರಿ ತಳ್ಳಬೇಕು, ಐದು ನಿಮಿಷ ತಡೆದರೆ ಮುಂದಿನ ಭರತದವರೆಗೆ ಅಲ್ಲೇ. ನಿಮ್ಮ ದೋಣಿಯ ನಡುಹಲಗೆ (ದೋಣಿಯ ಅಡಿಯಿಂದ ನೀರಿಗಿಳಿಯುವ ಹಲಗೆ) ಮೇಲಕ್ಕೆ ಮಡಚುವಂಥದು, ಹಾಗಾಗಿ ನೆಲ ತಾಗಿದ್ದು ಮೊದಲು ಅದಕ್ಕೇ ತಿಳಿಯುತ್ತದೆ. ಚುಕ್ಕಾಣಿಯ ಅಲಗೂ ಹಾಗೆ ಮೇಲೇಳುವಂತಿದೆಯೇ ನೋಡಿ; ಇಲ್ಲದಿದ್ದರೆ ಬದಲಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅಳಿವೆ ಬಾಗಿಲು. ಇಳಿತದ ಹೊತ್ತಿಗೆ ಎರಡು ಹೊಳೆಗಳ ನೀರು ಆ ಇಕ್ಕಟ್ಟಿನಲ್ಲಿ ನುಗ್ಗಿ ಹೊರಬೀಳುತ್ತದೆ. ಹೊರಗಿನಿಂದ ಬರುವ ಅಲೆ ಅದಕ್ಕೆ ಎದುರಾಗಿ ಕುಗ್ಗಿ, ಕಡಿದಾಗಿ, ಹೊಯಿಗೆ ದಿಬ್ಬದ ಮೇಲೆ ಒಡೆಯುತ್ತದೆ. ದೊಡ್ಡ ಮೀನುಗಾರಿಕಾ ಬೋಟುಗಳೇ ಅಳಿವೆಯಲ್ಲಿ ಮಗುಚಿದ ಸುದ್ದಿ ಪ್ರತಿ ಮಳೆಗಾಲದ ಆಸುಪಾಸಿನಲ್ಲಿ ಓದುತ್ತೇವೆ. ಸಂಜೆ ಗಾಳಿ ಬಿದ್ದು, ಇಳಿತ ಶುರುವಾಗಿ, ನೀವು ಬಾಗಿಲ ಹತ್ತಿರ ಇದ್ದರೆ ಹಾಯಿ ಕೆಲಸಕ್ಕೆ ಬರುವುದಿಲ್ಲ. ಬಾಗಿಲಿಗೆ ಒಂದು ಕಿಲೋಮೀಟರ್ ಇರುವಾಗಲೇ ತಿರುಗಿ. ಎರಡು ಹುಟ್ಟು, ಮೂರ್ನಾಲ್ಕು ಕೆ.ಜಿ.ಯ ಲಂಗರು, ಅದಕ್ಕೆ ಎರಡು ಮೀಟರ್ ಸರಪಳಿ ಮತ್ತು ಮೂವತ್ತು ಮೀಟರ್ ಹಗ್ಗ ಯಾವಾಗಲೂ ಕೈಗೆಟುಕುವಲ್ಲಿರಲಿ. ಲಂಗರು ಹಾಕಿ ನಿಲ್ಲುವುದು ಸೋಲಲ್ಲ. ನೂರಾರು ಮೀಟರ್ ಸೆಳೆದು ಹೋಗುವ ಮುಂಚೆ ಹಾಕಿದರೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.

ಕಾಲ? ನವೆಂಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ನಿಶ್ಚಿಂತೆಯ ಕಾಲ. ಅಕ್ಟೋಬರಿನ ಹಿಂಗಾರು ಗುಡುಗು, ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಗಾಳಿಮಳೆ ಎರಡೂ ಹಾಯಿಗೆ ಆಗದು. ಮೂಡಣ ಆಕಾಶ ಕಪ್ಪಾದರೆ ಅರ್ಧ ಗಂಟೆಯೊಳಗೆ ದಡದಲ್ಲಿರಬೇಕು. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದಕ್ಕೆ ಬಹಳ ಮುಂಚೆಯೇ ನಿಮ್ಮ ದೋಣಿ ಚಪ್ಪರದಡಿ ಮಗುಚಿ ಮಲಗಿರಲಿ.

ಪ್ರಶ್ನೆ: ಗುರುಪುರ ಹೊಳೆಯಲ್ಲಿ ಸುಲ್ತಾನ್ ಬತ್ತೇರಿಯಿಂದ ಹೊರಟು ಎಷ್ಟು ದೂರ ಹೋಗಬಹುದು? ಸೇತುವೆಗಳ ಕೆಳಗೆ ಕೂವೆಮರ ದಾಟುತ್ತದೆಯೇ?
– ಓದುಗರು, ಉರ್ವ, ಮಂಗಳೂರು

ಉತ್ತರ: ಬಡಗಿಗೆ ಕೂಳೂರು ಸೇತುವೆಯೇ ನಿಮ್ಮ ಗಡಿ. ನಾಲ್ಕು ಮೀಟರ್ ದೋಣಿಯ ಕೂವೆಮರದ ತುದಿ ನೀರಿನಿಂದ ಆರು ಮೀಟರಿಗೂ ಮೇಲಿರುತ್ತದೆ. ಟೇಪು ಹಿಡಿದು ಅಳೆದು ಆ ಅಂಕಿಯನ್ನು ದೋಣಿಯೊಳಗೇ ಬರೆದಿಡಿ. ತೆಂಕಿಗೆ ಬಂದರಿನ ದಕ್ಕೆ (ದೋಣಿ ನಿಲ್ಲುವ ಕಟ್ಟೆ) ಕಾಣುವ ಮುಂಚೆಯೇ ತಿರುಗಿ. ಅಲ್ಲಿ ಟ್ರಾಲರ್‌ಗಳು ಸಾಲುಗಟ್ಟಿ ನಿಂತಿರುತ್ತವೆ, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳಿರುತ್ತವೆ, ಬೆಂಗ್ರೆಯ ಜನ ಕೆಲಸಕ್ಕೆ ಹೋಗಿ ಬರುವ ಫೆರಿಗಳು ಅಡ್ಡ ಹಾಯುತ್ತಿರುತ್ತವೆ. ಯಂತ್ರದ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು ಎಂದು ನಿಯಮದ ಪುಸ್ತಕದಲ್ಲಿದೆ ನಿಜ. ಆದರೆ ಇಕ್ಕಟ್ಟಿನ ಕಾಲುವೆಯಲ್ಲಿ ದೊಡ್ಡ ಹಡಗಿಗೆ ಅಡ್ಡಿಯಾಗಬಾರದು ಎಂಬುದೂ ಅದೇ ಪುಸ್ತಕದಲ್ಲಿದೆ. ಮೀನು ತುಂಬಿಕೊಂಡು ಬರುವವರಿಗೆ ನೀವೇ ದಾರಿ ಬಿಡಿ. ಅವರದು ಹೊಟ್ಟೆಪಾಡು, ನಿಮ್ಮದು ವಿಹಾರ.

ಸೇತುವೆಗಿಂತಲೂ ನನಗೆ ಭಯ ಹೊಳೆ ದಾಟುವ ವಿದ್ಯುತ್ ತಂತಿಗಳದ್ದು. ಅಲ್ಯೂಮಿನಿಯಂ ಕೂವೆಮರ, ಒದ್ದೆ ಹಗ್ಗ, ಉಪ್ಪುನೀರು. ತಾಗಲೇಬೇಕೆಂದಿಲ್ಲ, ಹೆಚ್ಚು ಒತ್ತಡದ ತಂತಿಯಾದರೆ ಹತ್ತಿರ ಹೋದರೂ ಅಪಾಯ. ಹೊಸ ಜಾಗಕ್ಕೆ ಹೋಗುವ ಮುಂಚೆ ದಡದ ಮೇಲೆ ನಡೆದು ತಲೆಯೆತ್ತಿ ನೋಡಿ, ದೋಣಿ ಇಳಿಸುವ ಜಾಗದಲ್ಲಿ ಕೂವೆಮರ ನಿಲ್ಲಿಸುವಾಗಲೂ ಮೇಲೆ ನೋಡಿ. ಕೆಮ್ಮಣ್ಣಿನ ತಿಮ್ಮಣ್ಣಕುದ್ರು ತೂಗುಸೇತುವೆಯ ಕಡೆ ಹೋಗುವವರೂ ನೆನಪಿಡಿ: ಅದರಡಿ ಹಾಯಿದೋಣಿಗೆ ದಾರಿಯಿಲ್ಲ. ನೇತ್ರಾವತಿಯಲ್ಲಿ ಮೇಲಕ್ಕೆ ಹೋದರೆ ಹೆದ್ದಾರಿ ಮತ್ತು ರೈಲು ಸೇತುವೆಗಳು, ಆಮೇಲೆ ಹರೇಕಳ-ಅಡ್ಯಾರಿನ ಕಿಂಡಿ ಅಣೆಕಟ್ಟು. ಅಲ್ಲಿಯ ವಿಹಾರ ಹುಟ್ಟು ಹಾಕುವವರಿಗೆ ಬಿಟ್ಟದ್ದು.

ನೀರಿನ ಮೇಲೆ ಸಾಲಾಗಿ ತೇಲುವ ಥರ್ಮೋಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಅದು ಕಸವಲ್ಲ, ಕೆಳಗೆ ಬಲೆ ಇದೆ. ಕೆಲವು ಕಡೆ ಪಂಜರದ ಮೀನು ಕೃಷಿಯೂ ಇದೆ. ನಡುಹಲಗೆ ಸಿಕ್ಕಿದರೆ ಬಲೆ ಕತ್ತರಿಸಬೇಡಿ. ಹಾಯಿ ಇಳಿಸಿ, ಹಲಗೆ ಎತ್ತಿ, ಹಿಂದಕ್ಕೆ ಹುಟ್ಟು ಹಾಕಿ. ಇಳಿತದಲ್ಲಿ ಸೊಂಟದ ನೀರಿನಲ್ಲಿ ಮರುವಾಯಿ (ಚಿಪ್ಪು) ಆಯುತ್ತಿರುವವರ ಹತ್ತಿರ ವೇಗವಾಗಿ ಹಾಯಬೇಡಿ. ಹೊಯಿಗೆ ತೆಗೆದ ಜಾಗದಲ್ಲಿ ಮೊಣಕಾಲು ನೀರಿನ ಪಕ್ಕದಲ್ಲೇ ಆಳದ ಗುಂಡಿ ಇರುತ್ತದೆ, ಆದ್ದರಿಂದ ದೋಣಿ ತಳ್ಳಲು ಇಳಿಯುವಾಗಲೂ ಲೈಫ್ ಜಾಕೆಟ್ ಮೈಮೇಲಿರಲಿ.

ಪ್ರಶ್ನೆ: ದೋಣಿ ಮಗುಚಿದರೆ ಮಕ್ಕಳೊಂದಿಗೆ ಏನು ಮಾಡಬೇಕು? ಈಜು ಬಂದರೆ ಸಾಕಲ್ಲವೇ?
– ಓದುಗರು, ಕಾಪು

ಉತ್ತರ: ಸಾಲದು. ಈಜು ಬಲ್ಲವರೇ ದೋಣಿ ಬಿಟ್ಟು ದಡದ ಕಡೆ ಹೊರಟು ಸೆಳೆತಕ್ಕೆ ಸಿಕ್ಕುತ್ತಾರೆ. ಮೊದಲ ನಿಯಮ, ದೋಣಿಯನ್ನು ಬಿಡಬಾರದು. ಮಗುಚಿದ ದೋಣಿ ತೇಲುತ್ತದೆ, ದೂರದಿಂದ ಕಾಣಿಸುತ್ತದೆ. ಮಗುವಿನ ತೂಕಕ್ಕೆ ಹೊಂದುವ ಜಾಕೆಟ್ ಬೇಕು, ದೊಡ್ಡವರ ಜಾಕೆಟ್ ಬಿಗಿದು ಕಟ್ಟಿದರೂ ಅದು ತಲೆಯ ಮೇಲೆ ಏರಿಬಿಡುತ್ತದೆ.

ನಮ್ಮ ಹೊಳೆಗಳಲ್ಲಿ ಇನ್ನೊಂದು ತೊಡಕಿದೆ. ನೀರು ಆಳವಿಲ್ಲದ ಕಾರಣ ಮಗುಚಿದ ದೋಣಿಯ ಕೂವೆಮರ ಕೆಸರಿಗೆ ಚುಚ್ಚಿಕೊಳ್ಳುತ್ತದೆ, ಆಮೇಲೆ ನಿಲ್ಲಿಸುವುದು ಕಷ್ಟ. ಕೂವೆಮರದ ತುದಿಗೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನ್ ಕಟ್ಟಿ. ನೋಡಲು ಚೆನ್ನಾಗಿರುವುದಿಲ್ಲ, ದೋಣಿ ಪೂರ್ತಿ ಬೋರಲಾಗುವುದನ್ನು ತಡೆಯಲು ಮಾತ್ರ ಬಹಳ ನೆರವಾಗುತ್ತದೆ. ಮೇಲೆತ್ತುವಾಗ ಹಾಯಿಯ ಹಗ್ಗಗಳನ್ನೆಲ್ಲ ಸಡಿಲ ಬಿಡಿ, ಮೂತಿಯನ್ನು ಗಾಳಿಗೆ ತಿರುಗಿಸಿ. ಒಬ್ಬರು ನಡುಹಲಗೆಯ ಮೇಲೆ ಭಾರ ಹಾಕಿ ಎಳೆಯಲಿ, ಇನ್ನೊಬ್ಬರು ಮಗುವಿನ ಜೊತೆ ಒಳಬದಿಯಲ್ಲಿ ಅಂಚು ಹಿಡಿದು ತೇಲುತ್ತಿದ್ದರೆ ದೋಣಿ ಎದ್ದಾಗ ಅವರನ್ನು ಒಳಗೆ ಸೇರಿಸಿಕೊಂಡೇ ಏಳುತ್ತದೆ. ಎದ್ದ ದೋಣಿಯಲ್ಲಿ ನೀರು ತುಂಬಿರುತ್ತದೆ. ಹಗ್ಗ ಕಟ್ಟಿದ ಒಂದು ಬಕೆಟ್ ಇರಲಿ, ಗಾಳಿಚೀಲಗಳು ಸೋರುತ್ತಿಲ್ಲವೆಂದು ಪ್ರತಿ ಸಲ ಒತ್ತಿ ನೋಡಿ. ಇದನ್ನೆಲ್ಲ ಓದಿ ಕಲಿಯಲಾಗದು. ಡಿಸೆಂಬರಿನ ಒಂದು ಶಾಂತ ಬೆಳಿಗ್ಗೆ, ದಡದಲ್ಲಿ ನೆರವಿಗೆ ಜನರನ್ನಿಟ್ಟುಕೊಂಡು, ಬೇಕೆಂದೇ ಮಗುಚಿ ಅಭ್ಯಾಸ ಮಾಡಿ. ಮಕ್ಕಳಿಗೆ ಆಗ ಅದು ಆಟ, ಮುಂದೆ ನಿಜವಾಗಿ ಮಗುಚಿದಾಗ ಕಿರುಚುವುದಿಲ್ಲ.

ಹೆಚ್ಚಿನ ದೋಣಿಗಳು ಮಗುಚುವುದು ಗಾಳಿ ಬೆನ್ನಿಗಿರುವಾಗ ಹಾಯಿ ಒಂದು ಬದಿಯಿಂದ ಇನ್ನೊಂದಕ್ಕೆ ರಪ್ಪನೆ ಬೀಸುವ ಹೊತ್ತಿನಲ್ಲಿ. ಮಕ್ಕಳಿದ್ದರೆ ಹಾಗೆ ತಿರುಗಲೇಬೇಡಿ, ಗಾಳಿಗೆ ಮುಖ ಮಾಡಿ ದೊಡ್ಡ ಸುತ್ತು ತಿರುಗಿ. ನೀರಿನ ಮೇಲೆ ಬಿಳಿ ನೊರೆ ಅಲ್ಲಲ್ಲಿ ಕಾಣಲು ಶುರುವಾದರೆ ಗಾಳಿ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಆಸುಪಾಸಿಗೆ ಬಂದಿದೆ ಎಂದರ್ಥ. ರೀಫ್ ಕಟ್ಟುವ ಹೊತ್ತು ಅದು, ಅದಕ್ಕಿಂತ ಆಮೇಲೆ ಅಲ್ಲ.

ಪ್ರಶ್ನೆ: ಕುದ್ರುಗಳಲ್ಲಿ ಟೆಂಟ್ ಹಾಕಿ ರಾತ್ರಿ ಉಳಿಯಬಹುದೇ? ಯಾರಿಗೆ ತಿಳಿಸಬೇಕು?
– ಓದುಗರು, ಮಣಿಪಾಲ

ಉತ್ತರ: ಹೊಳೆಯ ನಡುವಿನ ದ್ವೀಪಗಳಾದ ಈ ಕುದ್ರುಗಳಲ್ಲಿ ಅನೇಕ ಕಡೆ ಮನೆ, ತೋಟ, ದೈವಸ್ಥಾನಗಳಿವೆ. ಅದು ಯಾರದೋ ಅಂಗಳ. ಕೇಳದೆ ದೋಣಿ ಹಚ್ಚಬೇಡಿ, ಕೇಳಿದರೆ ಕುಡಿಯಲು ನೀರು, ಎಲ್ಲಿ ಆಳ ಎಲ್ಲಿ ಬಂಡೆ ಎಂಬ ಮಾಹಿತಿ ಎರಡೂ ಸಿಗುತ್ತವೆ. ರಾತ್ರಿ ವಾಸ ಸದ್ಯಕ್ಕೆ ಬೇಡ. ಸಂಜೆ ಐದಕ್ಕೆ ದೋಣಿ ದಡಕ್ಕೆ ಬಂದಿರಲಿ. ಹೊರಡುವ ಮುಂಚೆ ಹತ್ತಿರದ ಕರಾವಳಿ ಕಾವಲು ಪೊಲೀಸ್ ಠಾಣೆಗೆ ಹೋಗಿ ಎಲ್ಲಿ ಅನುಮತಿ ಬೇಕು, ಎಲ್ಲಿ ಹೋಗಬಾರದು ಎಂದು ಕೇಳಿಕೊಳ್ಳಿ. ನವಮಂಗಳೂರು ಬಂದರಿನ ನೀರಿಗಂತೂ ಹೋಗಬೇಡಿ. ಮನೆಯಲ್ಲಿ ಒಬ್ಬರಿಗೆ ಹೊರಡುವ ಜಾಗ, ಮರಳುವ ಹೊತ್ತು ಬರೆದುಕೊಟ್ಟು, ಆ ಹೊತ್ತಿಗೆ ಕರೆ ಬಾರದಿದ್ದರೆ ಕರಾವಳಿ ರಕ್ಷಣಾ ಪಡೆಯ 1554 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಲು ಹೇಳಿ. ನಿಮ್ಮ ಫೋನ್ ನೀರು ಹೋಗದ ಚೀಲದಲ್ಲಿ, ಚೀಲ ನಿಮ್ಮ ಜಾಕೆಟ್ಟಿಗೆ ಕಟ್ಟಿರಲಿ, ದೋಣಿಗೆ ಕಟ್ಟಬೇಡಿ.